ಪ್ರೋಗ್ರಾಂ ಬರೆದಾಯಿತು, ಈಗ ಅದರ ಬಗ್ಗೆ ಬರೆಯೋಣ



ಕಂಪ್ಯೂಟರ್ ಸೈನ್ಸಿಗೂ ಭಾಷಾ ಶಿಕ್ಷಕರಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಇದೆ. ಪ್ರತಿ ವರ್ಷ ಪ್ರಾಯೋಗಿಕ ಪರೀಕ್ಷೆಗಳು ಹತ್ತಿರ ಬಂದಂತೆ ಹನ್ನೆರಡನೇ ತರಗತಿಯ ಕೆಲವು ಮಕ್ಕಳು ತಮ್ಮ ಪ್ರಾಜೆಕ್ಟ್ ವರದಿಯನ್ನು ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತಾರೆ. "ಮೇಡಂ, ಸ್ವಲ್ಪ ನೋಡಿಕೊಡಿ, ಗ್ರಾಮರ್ ಮಾತ್ರ ಸಾಕು" ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಗ್ರಾಮರ್ ಬಹುಪಾಲು ಸರಿಯಾಗಿಯೇ ಇರುತ್ತದೆ. ವಾಕ್ಯಗಳು ನೆಟ್ಟಗಿರುತ್ತವೆ, ಹೊದಿಕೆ ಚೆನ್ನಾಗಿರುತ್ತದೆ, ಸ್ಪೈರಲ್ ಬೈಂಡಿಂಗ್ ಕೂಡ ಆಗಿರುತ್ತದೆ. ಆದರೆ ಹತ್ತು ಪುಟ ಓದಿ ಮುಗಿಸಿದ ಮೇಲೂ ಆ ಪ್ರೋಗ್ರಾಂ ಏನು ಕೆಲಸ ಮಾಡುತ್ತದೆ ಎಂಬುದು ನಮಗೆ ತಿಳಿದಿರುವುದಿಲ್ಲ!

ಇದು ನಮಗೆ ಕಂಪ್ಯೂಟರ್ ಬಾರದ ಕಾರಣದಿಂದ ಅಲ್ಲ. ಬರೆದವರು ನಮ್ಮನ್ನು ಅಂದರೆ ಓದುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದಿಲ್ಲ, ಅಷ್ಟೇ. ಹೀಗಾಗಿ ಈ ಬಾರಿಯ ಸಂಚಿಕೆಯಲ್ಲಿ ಪಾಠದ ರೂಪದಲ್ಲಿ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ. ಹನ್ನೊಂದು, ಹನ್ನೆರಡನೇ ತರಗತಿಯವರಿಗೆ ಇದು ಕೂಡಲೇ ಬೇಕಾದದ್ದು. ಚಿಕ್ಕ ತರಗತಿಯ ಮಕ್ಕಳೂ ಓದಿಡಿ, ನಿಮ್ಮ ಸರದಿಯೂ ಬರುತ್ತದೆ.

ಅಂಕಗಳ ಲೆಕ್ಕ ಮೊದಲು

ಅಂಕಗಳಿಂದಲೇ ಶುರು ಮಾಡೋಣ, ಏಕೆಂದರೆ ನೀವು ಕೇಳುವುದೂ ಅದನ್ನೇ. ಸಿ.ಬಿ.ಎಸ್.ಇ. ಹನ್ನೆರಡನೇ ತರಗತಿಯ ಕಂಪ್ಯೂಟರ್ ಸೈನ್ಸಿನಲ್ಲಿ ಲಿಖಿತ ಪರೀಕ್ಷೆಗೆ 70, ಪ್ರಾಯೋಗಿಕಕ್ಕೆ 30 ಅಂಕಗಳು. ಆ 30ರಲ್ಲಿ ಲ್ಯಾಬ್ ಪರೀಕ್ಷೆಗೆ 12. ಉಳಿದ 18 ಅಂಕಗಳು ಹೀಗೆ ಹಂಚಿಹೋಗಿವೆ: ರಿಪೋರ್ಟ್ ಫೈಲ್‌ಗೆ 7, ಪ್ರಾಜೆಕ್ಟಿಗೆ 8, ವೈವಾಕ್ಕೆ 3. ಅಂದರೆ ಅರ್ಧಕ್ಕಿಂತ ಹೆಚ್ಚು ಅಂಕಗಳು ನೀವು ಮಾಡಿದ್ದನ್ನು ಇನ್ನೊಬ್ಬರಿಗೆ ತೋರಿಸಿ ವಿವರಿಸುವ ಭಾಗಗಳಲ್ಲಿವೆ. ಲ್ಯಾಬಿನಲ್ಲಿ ಬರೆಯುವ ಪೈಥಾನ್ ಪ್ರೋಗ್ರಾಮಿನ 8 ಅಂಕಗಳಲ್ಲೂ ತರ್ಕಕ್ಕೆ ಶೇಕಡಾ 60, ಬರವಣಿಗೆಯ ಅಚ್ಚುಕಟ್ಟಿಗೆ ಶೇಕಡಾ 20, ವಿವರಣೆಗೆ ಅಂದರೆ ಡಾಕ್ಯುಮೆಂಟೇಶನ್‌ಗೆ ಇನ್ನು 20.

ಆದರೂ ಮಕ್ಕಳು ವಿವರಣೆಯನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳುತ್ತಾರೆ. ಪಲ್ಯ ಮಾಡಿ ಮುಗಿಸಿದ ಮೇಲೆ ಕೊತ್ತಂಬರಿ ಉದುರಿಸುವ ಹಾಗೆ! ನಮ್ಮ ಅಭಿಪ್ರಾಯದಲ್ಲಿ ವಿವರಣೆ ಕೊತ್ತಂಬರಿಯಲ್ಲ, ಅದು ಉಪ್ಪು. ಅಡುಗೆ ನಡೆಯುತ್ತಿರುವಾಗಲೇ ಹಾಕಬೇಕು, ರುಚಿ ನೋಡುತ್ತಲೂ ಇರಬೇಕು. ಏಕೆಂದು ಒಂದು ಉದಾಹರಣೆಯಿಂದ ನೋಡೋಣ.

ಕ್ಯಾಂಟೀನಿನ ಸಮೋಸ

ಮೂವರು ವಿದ್ಯಾರ್ಥಿಗಳು ಸೇರಿ ಕ್ಯಾಂಟೀನ್ ಲೆಕ್ಕದ ಪ್ರಾಜೆಕ್ಟ್ ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ಪೈಥಾನ್ ಒಂದು ಕಡೆ, ಮೈಎಸ್‌ಕ್ಯೂಎಲ್ ಇನ್ನೊಂದು ಕಡೆ. ವರದಿಯ ಮೊದಲ ಪ್ಯಾರಾ ಸಾಮಾನ್ಯವಾಗಿ ಹೀಗಿರುತ್ತದೆ. ಇಂಗ್ಲಿಷಿನಲ್ಲಿ ಇರುವುದನ್ನು ನಮ್ಮ ಪುಟಕ್ಕಾಗಿ ಕನ್ನಡದಲ್ಲಿ ಕೊಡುತ್ತಿದ್ದೇವೆ:

"ಇಂದಿನ ಆಧುನಿಕ ಯುಗದಲ್ಲಿ ಕಂಪ್ಯೂಟರುಗಳು ಜೀವನದ ಅವಿಭಾಜ್ಯ ಅಂಗವಾಗಿವೆ. ನಮ್ಮ ಪ್ರಾಜೆಕ್ಟ್ ಅತ್ಯಂತ ಸರಳವೂ ಸಮರ್ಥವೂ ಆದ ತಂತ್ರಾಂಶವಾಗಿದ್ದು ಬಳಕೆದಾರರಿಗೆ ಬಹಳ ಅನುಕೂಲಕರವಾಗಿದೆ. ಇದರಿಂದ ಮಾನವ ಶ್ರಮ ಕಡಿಮೆಯಾಗುತ್ತದೆ. ವಸ್ತುಗಳ ದರವನ್ನು ನಮೂದಿಸಲಾಗುತ್ತದೆ ಮತ್ತು ಬಿಲ್ಲನ್ನು ಪಡೆಯಲಾಗುತ್ತದೆ."

ಇದರಲ್ಲಿ ತಪ್ಪೇನು? ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಮೊದಲ ಮೂರು ವಾಕ್ಯಗಳನ್ನು ಎತ್ತಿ ಗ್ರಂಥಾಲಯದ ಪ್ರಾಜೆಕ್ಟಿಗೋ ಆಸ್ಪತ್ರೆಯ ಪ್ರಾಜೆಕ್ಟಿಗೋ ಅಂಟಿಸಿದರೆ ಯಾರಿಗೂ ವ್ಯತ್ಯಾಸ ತಿಳಿಯದು. ಎಲ್ಲಿಗೆ ಬೇಕಾದರೂ ಹೊಂದುವ ವಾಕ್ಯ ಎಲ್ಲಿಯೂ ಕೆಲಸ ಮಾಡುವುದಿಲ್ಲ. ನಾಲ್ಕನೆಯ ವಾಕ್ಯದಲ್ಲಿ ಮಾತ್ರ ಸ್ವಲ್ಪ ವಿಷಯ ಇದೆ. ಅದೂ ಅರ್ಧಂಬರ್ಧ. ನಮೂದಿಸುವವರು ಯಾರು? ಕ್ಯಾಂಟೀನಿನ ಅಂಕಲ್ಲೋ, ವಿದ್ಯಾರ್ಥಿಯೋ? ದರ ಎಂದರೆ ರಿಯಾಲಿನಲ್ಲೋ, ಬೈಸಾದಲ್ಲೋ? ಕರ್ಮಣಿ ಪ್ರಯೋಗದ ಪಾಠ ನೆನಪಿದೆಯೇ? "ರಾಮನು ಮರವನ್ನು ಕಡಿದನು" ಎನ್ನುವುದನ್ನು "ಮರವು ಕಡಿಯಲ್ಪಟ್ಟಿತು" ಎಂದಾಗ ರಾಮ ಮಾಯವಾಗುತ್ತಾನೆ. ಕಥೆಯಲ್ಲಿ ರಾಮ ಮಾಯವಾದರೆ ಅಡ್ಡಿಯಿಲ್ಲ. ಪ್ರೋಗ್ರಾಮಿನ ವಿವರಣೆಯಲ್ಲಿ ಮಾಯವಾದರೆ ಯಾರು ಯಾವ ಗುಂಡಿ ಒತ್ತಬೇಕು ಎಂದೇ ತಿಳಿಯದು.

ಈಗ ಅದೇ ಪ್ಯಾರಾವನ್ನು ತಿದ್ದಿ ಬರೆಯೋಣ:

"ಈ ಪ್ರೋಗ್ರಾಂ ಶಾಲಾ ಕ್ಯಾಂಟೀನಿನ ಒಂದು ದಿನದ ಮಾರಾಟದ ಲೆಕ್ಕ ಇಡುತ್ತದೆ. ಕ್ಯಾಂಟೀನಿನ ಸಿಬ್ಬಂದಿ ತಿಂಡಿಯ ಸಂಖ್ಯೆಯನ್ನೂ ಎಷ್ಟು ಬೇಕೆಂಬುದನ್ನೂ ಒತ್ತುತ್ತಾರೆ. ಪ್ರೋಗ್ರಾಂ ಬಿಲ್ಲನ್ನು ತೋರಿಸಿ, ಮಾರಾಟವನ್ನು ಕೋಷ್ಟಕದಲ್ಲಿ ಬರೆದಿಡುತ್ತದೆ. ದರಗಳು ಒಮಾನಿ ರಿಯಾಲಿನಲ್ಲಿ, ದಶಮಾಂಶದ ನಂತರ ಮೂರು ಸ್ಥಾನ. ವಿದ್ಯಾರ್ಥಿಗಳ ಸಾಲದ ಲೆಕ್ಕವನ್ನು ಈ ಪ್ರೋಗ್ರಾಂ ಇಡುವುದಿಲ್ಲ."

ಕೊನೆಯ ವಾಕ್ಯವನ್ನು ಗಮನಿಸಿ. ಪ್ರೋಗ್ರಾಂ ಏನು ಮಾಡುವುದಿಲ್ಲ ಎಂದು ಹೇಳಲು ಮಕ್ಕಳು ಹಿಂಜರಿಯುತ್ತಾರೆ, ಅಂಕ ಕಡಿಮೆಯಾದೀತು ಎಂಬ ಭಯ. ವಾಸ್ತವವಾಗಿ ಮಿತಿಯನ್ನು ತಾನೇ ಹೇಳಿಕೊಂಡ ವಿದ್ಯಾರ್ಥಿಯ ಮೇಲೆ ಓದುವವರಿಗೆ ನಂಬಿಕೆ ಬೆಳೆಯುತ್ತದೆ.

ಇನ್ನು ನಾಲ್ಕನೆಯ ವಾಕ್ಯ. "ಮೂರು ಸ್ಥಾನ" ಎಂಬ ಈ ಎರಡು ಪದಗಳಿಗಾಗಿಯೇ ನಾವು ಈ ಉದಾಹರಣೆಯನ್ನು ಆರಿಸಿಕೊಂಡೆವು. ನಾವಿರುವ ಈ ದೇಶದಲ್ಲಿ ಒಂದು ರಿಯಾಲಿಗೆ 1000 ಬೈಸಾ. ಭಾರತದಲ್ಲಿ ರೂಪಾಯಿಗೆ 100 ಪೈಸೆ, ಆದ್ದರಿಂದ ಅಲ್ಲಿನ ಪುಸ್ತಕಗಳ ಉದಾಹರಣೆಗಳಲ್ಲಿ ದಶಮಾಂಶದ ನಂತರ ಎರಡೇ ಸ್ಥಾನ. ಮಕ್ಕಳು ಪುಸ್ತಕ ನೋಡಿ ಕೋಷ್ಟಕದಲ್ಲೂ ಎರಡೇ ಸ್ಥಾನ ಇಡುತ್ತಾರೆ. ಒಂದು ಸಮೋಸದ ಬೆಲೆ 125 ಬೈಸಾ, ಅಂದರೆ 0.125 ರಿಯಾಲ್ ಎಂದುಕೊಳ್ಳಿ. ಪೈಥಾನಿಗೆ ಇದನ್ನು ಎರಡು ಸ್ಥಾನಕ್ಕೆ ಇಳಿಸು ಎಂದರೆ 0.12 ಎನ್ನುತ್ತದೆ. ಎರಡು ಸ್ಥಾನದ ಡೆಸಿಮಲ್ ಕಾಲಂ ಇರುವ ಮೈಎಸ್‌ಕ್ಯೂಎಲ್ ಕೋಷ್ಟಕಕ್ಕೆ ಅದೇ 0.125 ಹಾಕಿದರೆ 0.13 ಎಂದು ಬರೆದುಕೊಳ್ಳುತ್ತದೆ! ಎರಡೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯೇ. ನಟ್ಟನಡುವಿನ ಅಂಕೆ ಬಂದಾಗ ಪೈಥಾನ್ ಹತ್ತಿರದ ಸಮ ಅಂಕೆಯ ಕಡೆಗೆ ವಾಲುತ್ತದೆ, ಮೈಎಸ್‌ಕ್ಯೂಎಲ್‌ನ ಡೆಸಿಮಲ್ ದೊಡ್ಡದರ ಕಡೆಗೆ ಏರುತ್ತದೆ. 40 ಸಮೋಸ ಮಾರಿದ ದಿನ ನಿಜವಾದ ಮೊತ್ತ 5 ರಿಯಾಲ್. ಬಿಲ್ಲುಗಳ ಪ್ರಕಾರ 4.80, ಕೋಷ್ಟಕದ ಪ್ರಕಾರ 5.20. ಕ್ಯಾಂಟೀನಿನ ಅಂಕಲ್ ಯಾವುದನ್ನು ನಂಬಬೇಕು?

ಈ ದೋಷ ಪ್ರೋಗ್ರಾಂ ಓಡಿಸಿದಾಗ ಸಿಗುವುದಿಲ್ಲ, ಏಕೆಂದರೆ ಎಲ್ಲೂ ಕೆಂಪು ಅಕ್ಷರದ ಸಂದೇಶ ಬರುವುದಿಲ್ಲ. "ದರ ಯಾವ ಮಾನದಲ್ಲಿ, ಎಷ್ಟು ಸ್ಥಾನದವರೆಗೆ" ಎಂಬ ವಾಕ್ಯವನ್ನು ಬರೆಯಲು ಕುಳಿತಾಗ ಸಿಗುತ್ತದೆ. ಬರೆಯುತ್ತಾ ಹೋದಂತೆ "ಅರೆ, ಇಲ್ಲಿ ನಾವು ಎರಡೇ ಸ್ಥಾನ ಇಟ್ಟಿದ್ದೇವಲ್ಲ" ಎಂದು ಹೊಳೆಯುತ್ತದೆ. ವಿವರಣೆಯನ್ನು ಉಪ್ಪು ಎಂದು ಕರೆದದ್ದು ಇದಕ್ಕೇ. ಬರೆಯುವುದೂ ಒಂದು ಪರೀಕ್ಷೆ, ಪ್ರೋಗ್ರಾಮಿನ ಪರೀಕ್ಷೆ.

ಮಾನದ ವಿಷಯ ಸಮೋಸಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ನಾಸಾ ಸಂಸ್ಥೆ ಮಂಗಳಗ್ರಹಕ್ಕೆ ಕಳುಹಿಸಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ 1999ರ ಸೆಪ್ಟೆಂಬರ್ 23ರಂದು ಕಳೆದುಹೋಯಿತು. ಭೂಮಿಯ ಮೇಲಿನ ಒಂದು ಪ್ರೋಗ್ರಾಂ ತಳ್ಳುವಿಕೆಯ ಲೆಕ್ಕವನ್ನು ಪೌಂಡಿನ ಮಾನದಲ್ಲಿ ಕೊಡುತ್ತಿತ್ತು, ಅದನ್ನು ಓದುತ್ತಿದ್ದ ಪ್ರೋಗ್ರಾಂ ನ್ಯೂಟನ್ ಎಂದು ತಿಳಿದುಕೊಳ್ಳುತ್ತಿತ್ತು. ಒಂದು ಪೌಂಡ್ ಬಲ ಎಂದರೆ ಸುಮಾರು 4.45 ನ್ಯೂಟನ್. ಎರಡು ಪ್ರೋಗ್ರಾಮುಗಳ ನಡುವಿನ ಒಪ್ಪಂದದ ದಾಖಲೆಯಲ್ಲಿ ನ್ಯೂಟನ್ ಎಂದೇ ಇತ್ತು. ಅಂದರೆ ಬರೆದಿಟ್ಟರೆ ಮಾತ್ರ ಸಾಲದು, ಬರೆದದ್ದಕ್ಕೂ ಮಾಡಿದ್ದಕ್ಕೂ ತಾಳೆ ನೋಡುವವರೂ ಇರಬೇಕು.

ಕೇಶಿರಾಜನ ಕ್ರಮ

ತಾಂತ್ರಿಕ ಬರವಣಿಗೆ ಎಂಬುದು ಇಂಗ್ಲಿಷಿನಿಂದ ಬಂದ ಹೊಸ ವಿದ್ಯೆ ಎಂದು ಹಲವರು ತಿಳಿದಿದ್ದಾರೆ. ಕನ್ನಡ ಕಲಿಸುವ ನಮಗೆ ಇದನ್ನು ಒಪ್ಪಲಾಗದು. 13ನೇ ಶತಮಾನದಲ್ಲಿ ಕೇಶಿರಾಜನು ರಚಿಸಿದ 'ಶಬ್ದಮಣಿದರ್ಪಣ'ವನ್ನು ತೆಗೆದು ನೋಡಿ. ಹಳಗನ್ನಡ ಅರ್ಥವಾಗದಿದ್ದರೂ ಅದರ ಜೋಡಣೆ ಅರ್ಥವಾಗುತ್ತದೆ. ಮೊದಲು ಸೂತ್ರ: ನಿಯಮವನ್ನು ಕಂದಪದ್ಯದಲ್ಲಿ ಅಡಕವಾಗಿ ಹೇಳುವುದು. ನಂತರ ವೃತ್ತಿ: ಅದನ್ನೇ ಗದ್ಯದಲ್ಲಿ ಬಿಡಿಸಿ ಹೇಳುವುದು. ನಂತರ ಪ್ರಯೋಗ: ಆ ನಿಯಮ ನಿಜವಾಗಿ ಬಳಕೆಯಲ್ಲಿರುವ ಉದಾಹರಣೆಗಳು, ಹಿಂದಿನ ಕವಿಗಳಿಂದ ಆರಿಸಿದವು. ಅದಕ್ಕೂ ಮುಂಚೆ, 12ನೇ ಶತಮಾನದಲ್ಲಿ, ರಾಜಾದಿತ್ಯನು 'ವ್ಯವಹಾರಗಣಿತ' ಎಂಬ ಲೆಕ್ಕದ ಗ್ರಂಥವನ್ನು ಕನ್ನಡದಲ್ಲಿಯೇ ಬರೆದನು.

ನಿಮ್ಮ ವರದಿಯಲ್ಲಿ ಪ್ರತಿಯೊಂದು ಫಂಕ್ಷನ್‌ಗೂ ಕೇಶಿರಾಜನ ಈ ಮೂರು ಮೆಟ್ಟಿಲುಗಳು ಸಾಕು. ಒಂದು ಸಾಲಿನಲ್ಲಿ ಅದು ಏನು ಮಾಡುತ್ತದೆ. ನಾಲ್ಕೈದು ಸಾಲಿನಲ್ಲಿ ಏನನ್ನು ತೆಗೆದುಕೊಳ್ಳುತ್ತದೆ, ಏನನ್ನು ಹಿಂದಿರುಗಿಸುತ್ತದೆ, ತಪ್ಪು ಬೆಲೆ ಕೊಟ್ಟರೆ ಏನಾಗುತ್ತದೆ. ಕೊನೆಗೆ ನಿಜವಾದ ಅಂಕಿಗಳ ಒಂದು ಉದಾಹರಣೆ: ಮೂರು ಸಮೋಸ, ಎರಡು ಲಬಾನ್ ಎಂದು ಕೊಟ್ಟರೆ ಎಷ್ಟು ಬಂತು. ಮಕ್ಕಳ ವರದಿಗಳಲ್ಲಿ ಹೆಚ್ಚಾಗಿ ಕಾಣೆಯಾಗಿರುವುದು ಈ ಪ್ರಯೋಗವೇ. ಸೂತ್ರ ಇರುತ್ತದೆ, ವೃತ್ತಿ ಇರುತ್ತದೆ, ಉದಾಹರಣೆಯ ಜಾಗದಲ್ಲಿ ಓದಲಾಗದಷ್ಟು ಸಣ್ಣದಾಗಿ ಮುದ್ರಿಸಿದ, ಕಪ್ಪು ಹಿನ್ನೆಲೆಯ ಒಂದು ಸ್ಕ್ರೀನ್ ಚಿತ್ರ ಇರುತ್ತದೆ. ಅದು ಪ್ರಿಂಟರಿನ ಶಾಯಿಗೆ ಕೇಡು, ಓದುವವರ ಕಣ್ಣಿಗೂ ಕೇಡು.

ಬೇಕು, ಒಳ್ಳೆಯದು, ಬಹುದು

ಇದು ಚಿಕ್ಕ ವಿಷಯ, ಆದರೆ ನಮಗೆ ಬಹಳ ಇಷ್ಟವಾದದ್ದು. ಇಂಟರ್‌ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಎಂದು ಹೆಸರು. ಮೊದಲನೆಯದನ್ನು ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ 1969ರ ಏಪ್ರಿಲ್‌ನಲ್ಲಿ ಬರೆದರು. ಆ ಸಾಲಿನಲ್ಲಿ 2119ನೆಯದು 1997ರ ಮಾರ್ಚಿನಲ್ಲಿ ಬಂತು, ಬರೆದವರು ಸ್ಕಾಟ್ ಬ್ರಾಡ್ನರ್. ಅದರಲ್ಲಿ ಇರುವುದೆಲ್ಲ ಮಸ್ಟ್, ಶುಡ್, ಮೇ ಮುಂತಾದ ಕೆಲವೇ ಪದಗಳ ಅರ್ಥ! ಮಸ್ಟ್ ಎಂದರೆ ಕಡ್ಡಾಯ. ಶುಡ್ ಎಂದರೆ ಸಾಮಾನ್ಯವಾಗಿ ಮಾಡಬೇಕಾದದ್ದು, ಬಿಡುವುದಾದರೆ ತಕ್ಕ ಕಾರಣ ಇರಬೇಕು. ಮೇ ಎಂದರೆ ನಿಮ್ಮಿಷ್ಟ. ಪ್ರಪಂಚದ ದೊಡ್ಡ ದೊಡ್ಡ ಎಂಜಿನಿಯರುಗಳು ಮೂರು ಸಹಾಯಕ ಕ್ರಿಯಾಪದಗಳ ಅರ್ಥವನ್ನು ಕುಳಿತು ಬರೆದಿಡಬೇಕಾಯಿತು ಎಂದರೆ ಭಾಷಾ ಶಿಕ್ಷಕರಾದ ನಮಗೆ ಹೆಮ್ಮೆಯಾಗದೆ ಇರುತ್ತದೆಯೇ?

ಕನ್ನಡದಲ್ಲಿಯೂ ಇವು ಬೇರೆ ಬೇರೆಯಾಗಿಯೇ ಇವೆ. "ಪಾಸ್‌ವರ್ಡ್ ಎಂಟು ಅಕ್ಷರ ಇರತಕ್ಕದ್ದು", "ಎಂಟು ಅಕ್ಷರ ಇದ್ದರೆ ಒಳ್ಳೆಯದು", "ಎಂಟು ಅಕ್ಷರ ಇರಬಹುದು". ಮೂರಕ್ಕೂ ಬೇರೆ ಬೇರೆ ಪ್ರೋಗ್ರಾಂ ಬರೆಯಬೇಕಾಗುತ್ತದೆ. ಮೂರನೆಯದರಲ್ಲಿ ಇನ್ನೊಂದು ತೊಡಕಿದೆ. ನಮ್ಮ "ಬಹುದು" ಅನುಮತಿಯನ್ನೂ ಹೇಳುತ್ತದೆ, ಸಾಧ್ಯತೆಯನ್ನೂ ಹೇಳುತ್ತದೆ. "ಬಳಕೆದಾರರು ಹೊರಗೆ ಹೋಗಬಹುದು" ಎಂದರೆ ಅನುಮತಿ. "ಪ್ರೋಗ್ರಾಂ ಅರ್ಧದಲ್ಲಿ ನಿಲ್ಲಬಹುದು" ಎಂದರೆ ಎಚ್ಚರಿಕೆ. ಇಂಗ್ಲಿಷಿನ ಮೇ ಕೂಡ ಹೀಗೆಯೇ ಎರಡು ಅರ್ಥದ್ದು. ವರದಿಯಲ್ಲಿ ಆ ಪದ ಬಂದ ಕಡೆಯಲ್ಲೆಲ್ಲ ಎರಡರಲ್ಲಿ ಯಾವ ಅರ್ಥ ಎಂದು ಒಮ್ಮೆ ಕೇಳಿಕೊಳ್ಳಿ.

ಸ್ಲೈಡಿನ ತಲೆಬರಹ

ಈಗ ಪ್ರಸ್ತುತಿಗೆ ಬರೋಣ. ಇಲ್ಲಿ ಒಂದು ದುಃಖದ ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಏಳು ಜನರನ್ನು ಹೊತ್ತು ಮೇಲೇರಿತು. ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರಲ್ಲಿ ಒಬ್ಬರು. ಹೊರಟು ಸುಮಾರು 82 ಸೆಕೆಂಡುಗಳಾದಾಗ ಇಂಧನ ಟ್ಯಾಂಕಿಗೆ ಹೊದಿಸಿದ್ದ ನೊರೆಯಂತಹ ಹಗುರ ಪದಾರ್ಥದ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲೆ ಸುತ್ತುತ್ತಿರುವಾಗಲೇ ಇಲ್ಲಿ ಕೆಳಗೆ ಎಂಜಿನಿಯರುಗಳು ಹಾನಿಯ ಅಂದಾಜು ಮಾಡಿ, ಪವರ್‌ಪಾಯಿಂಟ್ ಸ್ಲೈಡುಗಳಲ್ಲಿ ಮೇಲಧಿಕಾರಿಗಳಿಗೆ ತೋರಿಸಿದರು. ಅದರಲ್ಲಿ ಒಂದು ಸ್ಲೈಡಿನ ತಲೆಬರಹ, ಪರೀಕ್ಷೆಯ ಮಾಹಿತಿಯನ್ನು ನೋಡಿದರೆ ನಮ್ಮ ಲೆಕ್ಕ ಸುರಕ್ಷತೆಯ ಕಡೆಗೇ ಇದೆ ಎಂಬ ಅರ್ಥ ಕೊಡುವಂತಿತ್ತು. ಓದಿದವರಿಗೆ ಸಮಾಧಾನವಾಗುವ ಮಾತು. ಅದರ ಕೆಳಗೆ ಚುಕ್ಕೆ, ಅದರೊಳಗೆ ಉಪಚುಕ್ಕೆ, ಅದರೊಳಗೆ ಇನ್ನೊಂದು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಎರಡು ಅಂಕಿಗಳಿದ್ದವು: ರೆಕ್ಕೆಗೆ ಬಡಿದ ತುಂಡು 1920 ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಅಂಗುಲ.

ನಮ್ಮ ಮಾತಿನಲ್ಲಿ ಹೇಳುವುದಾದರೆ, ಪರೀಕ್ಷೆಯ ತುಂಡು ಇಲ್ಲಿ ಕಹ್ವಾ ಕುಡಿಯುವ ಪುಟ್ಟ ಬಟ್ಟಲಿನಷ್ಟು, ಅಂದರೆ ಸುಮಾರು 50 ಮಿಲಿಲೀಟರ್. ಬಡಿದ ತುಂಡು ಸುಮಾರು 31 ಲೀಟರ್. ನಮ್ಮ ಮನೆಗಳಿಗೆ ಬರುವ ಐದು ಗ್ಯಾಲನ್ ನೀರಿನ ಬಾಟಲಿ ಒಂದೂವರೆಗಿಂತಲೂ ಹೆಚ್ಚು. 640 ಪಟ್ಟು ವ್ಯತ್ಯಾಸ! ತಲೆಬರಹದಲ್ಲಿ ಇರಬೇಕಾದದ್ದು ಇದು: "ನಮ್ಮ ಬಳಿ ಇರುವ ಪರೀಕ್ಷೆಗಳು 640 ಪಟ್ಟು ಚಿಕ್ಕ ತುಂಡಿನವು, ಅವುಗಳಿಂದ ಈ ಹಾನಿಯನ್ನು ಹೇಳಲಾಗದು."

ಫೆಬ್ರವರಿ 1ರಂದು ಹಿಂದಿರುಗುವಾಗ ನೌಕೆ ಒಡೆದು ಏಳೂ ಜನ ತೀರಿಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿಯು ಈ ಸ್ಲೈಡನ್ನು ಮುದ್ರಿಸಿ ತೋರಿಸಿತು. ಇದನ್ನು ಓದಿದ ಹಿರಿಯ ಅಧಿಕಾರಿಗೆ ಪ್ರಾಣಾಪಾಯದ ವಿಷಯ ಇದರಲ್ಲಿದೆ ಎಂದು ತಿಳಿಯದೇ ಹೋಗುವುದು ಸಹಜ ಎಂದಿತು. ಪೂರ್ಣ ವಾಕ್ಯಗಳ ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡುಗಳನ್ನೇ ಇಡುವ ಅಭ್ಯಾಸವನ್ನೂ ಟೀಕಿಸಿತು. ಒಂದು ಸ್ಲೈಡಿನಿಂದಲೇ ಅಪಘಾತವಾಯಿತು ಎಂದು ನಾವು ಹೇಳುತ್ತಿಲ್ಲ, ಬೇರೆ ಅನೇಕ ಕಾರಣಗಳೂ ನಿರ್ಧಾರಗಳೂ ಅದರ ಹಿಂದೆ ಇದ್ದವು. ಆದರೆ ಗೊತ್ತಿದ್ದ ವಿಷಯ ಗೊತ್ತಾಗಬೇಕಾದವರಿಗೆ ಮುಟ್ಟದೆ ಹೋಯಿತು. ಅಂಕಿ ಸ್ಲೈಡಿನಲ್ಲಿಯೇ ಇತ್ತು, ಕೆಳಗಿನ ಮೂಲೆಯಲ್ಲಿ.

ಈಗ ನಿಮ್ಮ ಸ್ಲೈಡುಗಳನ್ನು ತೆರೆಯಿರಿ. ತಲೆಬರಹಗಳು ಏನಿವೆ? "ಪರಿಚಯ", "ಕೋಷ್ಟಕಗಳು", "ಔಟ್‌ಪುಟ್", "ಥ್ಯಾಂಕ್ ಯೂ". ಇವು ಡಬ್ಬದ ಮೇಲೆ "ಡಬ್ಬ" ಎಂದು ಬರೆದಂತೆ. ಒಳಗೆ ಬೆಲ್ಲವೋ ಉಪ್ಪೋ ತಿಳಿಯದು. "ಔಟ್‌ಪುಟ್" ಎನ್ನುವ ಬದಲು "ಒಂದೇ ರೋಲ್ ನಂಬರ್ ಎರಡನೇ ಸಲ ಕೊಟ್ಟರೆ ಪ್ರೋಗ್ರಾಂ ಒಪ್ಪುವುದಿಲ್ಲ" ಎಂದು ಪೂರ್ಣ ವಾಕ್ಯ ಬರೆಯಿರಿ, ಕೆಳಗೆ ಅದನ್ನು ತೋರಿಸುವ ಒಂದೇ ಚಿತ್ರ ಹಾಕಿ. ಹಾರಿ ಬರುವ ಅಕ್ಷರಗಳು, ತಿರುಗುವ ಚಿತ್ರಗಳು ಬೇಡ. ಕೊನೆಯ ಬೆಂಚಿನಿಂದ ಓದಲಾಗದ ಅಕ್ಷರವೂ ಬೇಡ.

ಇನ್ನೊಂದು ಮಾತು. ಹತ್ತು ನಿಮಿಷದ ಪ್ರಸ್ತುತಿಯಲ್ಲಿ ನಾಲ್ಕು ನಿಮಿಷ ಪೈಥಾನಿನ ಇತಿಹಾಸ ಹೇಳುವ ಪದ್ಧತಿ ಎಲ್ಲಿಂದ ಬಂತೋ ತಿಳಿಯದು. ಗೀಡೋ ವಾನ್ ರಾಸಮ್ ಅದನ್ನು 1991ರಲ್ಲಿ ಹೊರತಂದರು ಎಂಬುದು ಪರೀಕ್ಷಕರಿಗೆ ಗೊತ್ತು. ಅವರಿಗೆ ಗೊತ್ತಿಲ್ಲದಿರುವುದು ನಿಮ್ಮ ಕ್ಯಾಂಟೀನಿನ ತೊಂದರೆ. ಅಲ್ಲಿಂದ ಶುರು ಮಾಡಿ. ಪ್ರೋಗ್ರಾಂ ಓಡಿಸಿ ತೋರಿಸುವಾಗ ಮೈಎಸ್‌ಕ್ಯೂಎಲ್ ಪಾಸ್‌ವರ್ಡ್ ಮರೆತುಹೋಗುವುದು, ಪ್ರೊಜೆಕ್ಟರ್ ಕೈಕೊಡುವುದು ಇದ್ದದ್ದೇ. ಮುಖ್ಯ ಪರದೆಗಳ ಚಿತ್ರಗಳನ್ನು ಮೊದಲೇ ತೆಗೆದು ಪ್ರಿಂಟ್ ಮಾಡಿ ಕೈಯಲ್ಲಿಟ್ಟುಕೊಂಡರೆ ಮಾತು ನಿಲ್ಲುವುದಿಲ್ಲ.

ಅಜ್ಜಿಗೆ ಪ್ರೈಮರಿ ಕೀ

ಅಭ್ಯಾಸ ಎಲ್ಲಿ ಮಾಡಬೇಕು? ಕನ್ನಡಿಯ ಮುಂದೆ ಬೇಡ, ಕನ್ನಡಿ ಪ್ರಶ್ನೆ ಕೇಳುವುದಿಲ್ಲ. ಶುಕ್ರವಾರ ಊರಿಗೆ ಫೋನ್ ಮಾಡುವಾಗ ಅಜ್ಜಿಗೋ ದೊಡ್ಡಪ್ಪನಿಗೋ ನಿಮ್ಮ ಪ್ರಾಜೆಕ್ಟನ್ನು ಮನೆಮಾತಿನಲ್ಲಿಯೇ ವಿವರಿಸಿ. ಕನ್ನಡವೋ, ತುಳುವೋ, ಕೊಂಕಣಿಯೋ, ಬ್ಯಾರಿಯೋ, ಯಾವುದಾದರೂ ಸರಿ. ಇಂಗ್ಲಿಷಿನಲ್ಲಿ ಹೇಳುವಾಗ ಪುಸ್ತಕದ ಪದಗಳ ಹಿಂದೆ ಅಡಗಿಕೊಳ್ಳಬಹುದು. ಅಜ್ಜಿಯ ಹತ್ತಿರ ಆ ಆಟ ನಡೆಯದು. "ಅದೆಂಥದು ಮಗಾ, ಪ್ರೈಮರಿ ಕೀ ಅಂದ್ರೆ?" ಎಂದು ಕೇಳಿಯೇ ಬಿಡುತ್ತಾರೆ.

ಆಗ ಏನು ಹೇಳುವಿರಿ? "ಅಜ್ಜೀ, ನಮ್ಮ ಕ್ಲಾಸಲ್ಲಿ ಇಬ್ಬರು ಶ್ರೇಯಾ ಇದ್ದಾರೆ. ಹೆಸರು ಕರೆದರೆ ಇಬ್ಬರೂ ಏಳ್ತಾರೆ. ರೋಲ್ ನಂಬರ್ ಕರೆದರೆ ಒಬ್ಬಳೇ ಏಳೋದು. ಒಬ್ಬರಿಗೆ ಒಂದೇ ನಂಬರ್, ನಂಬರ್ ಇಲ್ಲದವರು ಯಾರೂ ಇಲ್ಲ. ಕಂಪ್ಯೂಟರಿನ ಪಟ್ಟಿಯಲ್ಲಿ ಆ ರೋಲ್ ನಂಬರಿನ ಕೆಲಸ ಮಾಡೋದೇ ಪ್ರೈಮರಿ ಕೀ." ಇದರಲ್ಲಿ ಪಠ್ಯಪುಸ್ತಕದ ಎರಡು ನಿಯಮಗಳೂ ಬಂದುಬಿಟ್ಟವು: ಎರಡು ಸಲ ಬರಬಾರದು, ಖಾಲಿ ಇರಬಾರದು. ಹೀಗೆ ಹೇಳಲು ಬಂದ ವಿದ್ಯಾರ್ಥಿಗೆ ವೈವಾದಲ್ಲಿ ಬಾಯಿಪಾಠ ಬೇಕಾಗಿಲ್ಲ. ಇಂಗ್ಲಿಷ್ ವಾಕ್ಯ ತಾನಾಗಿ ಬರುತ್ತದೆ.

ಯಂತ್ರ ಬರೆದ ವರದಿ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ವರದಿಗಳ ರೂಪವೇ ಬದಲಾಗಿದೆ. ಈ ಬಗ್ಗೆ ಸುಮ್ಮನಿರುವುದು ಸರಿಯಲ್ಲ. ಕಾಗುಣಿತ ತಿದ್ದಿಸಿಕೊಳ್ಳಲು, ಅರ್ಥವಾಗದ ದೋಷಸಂದೇಶವನ್ನು ಕೇಳಿ ತಿಳಿಯಲು ಅದನ್ನು ಬಳಸುವುದನ್ನು ನಾವು ವಿರೋಧಿಸುವುದಿಲ್ಲ. ಆದರೆ ವರದಿಯನ್ನೇ ಅದರಿಂದ ಬರೆಸಿದರೆ ನಾವು ಮೇಲೆ ಹೇಳಿದ "ಎಲ್ಲಿಗೆ ಬೇಕಾದರೂ ಹೊಂದುವ" ವಾಕ್ಯಗಳೇ ಬಹುಪಾಲು ಬರುತ್ತವೆ. ನೀವು ಹೇಳದ ಹೊರತು ಅದಕ್ಕೆ ನಿಮ್ಮ ಕ್ಯಾಂಟೀನ್ ಗೊತ್ತಿಲ್ಲ, ಸಮೋಸದ ಬೆಲೆ ಗೊತ್ತಿಲ್ಲ. ನೀವು ಎಲ್ಲಿ ಎರಡು ಸ್ಥಾನ ಇಟ್ಟಿದ್ದೀರಿ ಎಂಬುದೂ ಗೊತ್ತಿಲ್ಲ. ವರದಿಯಲ್ಲಿ "ಸ್ಕೇಲಬಲ್" ಎಂದು ಇದ್ದರೆ ಪರೀಕ್ಷಕರು "ಸ್ಕೇಲಬಲ್ ಎಂದರೇನು, ನಿಮ್ಮ ಪ್ರೋಗ್ರಾಂ ಹೇಗೆ ಸ್ಕೇಲಬಲ್?" ಎಂದು ಕೇಳುವುದು ನಿಶ್ಚಿತ. ನಿಮ್ಮ ಬಾಯಿಯಿಂದ ವಿವರಿಸಲಾಗದ ಪದ ನಿಮ್ಮ ವರದಿಯಲ್ಲಿ ಇರಬಾರದು. ಇದೊಂದೇ ನಿಯಮ ಇಟ್ಟುಕೊಂಡರೂ ಸಾಕು.

ಹಾಗೆಯೇ, ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಸರ್" ಎನ್ನಲು ಅಂಜಬೇಡಿ. ಅದರ ಜೊತೆಗೆ "ನಾವು ಇದನ್ನು ಪರೀಕ್ಷಿಸಿಲ್ಲ, ಹೀಗೆ ಮಾಡಿ ನೋಡಬಹುದು" ಎಂದು ಒಂದು ಮಾತು ಸೇರಿಸಿ.

ಪೋಷಕರಲ್ಲಿ ವಿನಂತಿ

ನಿಮ್ಮಲ್ಲಿ ಹಲವರು ಕಚೇರಿಗಳಲ್ಲಿ, ಕಾಮಗಾರಿ ಸ್ಥಳಗಳಲ್ಲಿ, ಆಸ್ಪತ್ರೆಗಳಲ್ಲಿ ದಿನವೂ ವರದಿ ಬರೆಯುವವರು, ಓದುವವರು. ಮಗುವಿನ ವರದಿಯನ್ನು ನೋಡಿದಾಗ ಕೈ ತುರಿಸುವುದು ಸಹಜ. ದಯವಿಟ್ಟು ತಿದ್ದಬೇಡಿ. ದುಡ್ಡು ಕೊಟ್ಟು ಸಿದ್ಧ ಪ್ರಾಜೆಕ್ಟ್ ತರಿಸುವ ಮಾತನ್ನಂತೂ ಆಡಲೇಬೇಡಿ. ನಿಮ್ಮಿಂದ ಆಗಬೇಕಾದ ಸಹಾಯ ಬೇರೆ ಇದೆ. ಒಂದು ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು, ವರದಿಯ ಮೊದಲ ಎರಡು ಪುಟಗಳನ್ನು ಮಗುವಿನ ಎದುರಿಗೇ ಗಟ್ಟಿಯಾಗಿ ಓದಿ. ಕಂಪ್ಯೂಟರ್ ಬಾರದಿದ್ದರೂ ಚಿಂತೆಯಿಲ್ಲ, ಅಷ್ಟೂ ಒಳ್ಳೆಯದೇ. ಎಲ್ಲಿ ನಿಮಗೆ "ಹಾಗಂದರೆ?" ಎನ್ನಿಸುತ್ತದೋ ಅಲ್ಲಿ ಪೆನ್ಸಿಲಿನಿಂದ ಒಂದು ಚಿಕ್ಕ ಗುರುತು ಹಾಕಿ, ಮುಂದಕ್ಕೆ ಹೋಗಿ. ವಿವರಣೆ ಕೇಳಬೇಡಿ, ಕೊಡಲು ಬಿಡಲೂಬೇಡಿ. ಏಕೆಂದರೆ ಪರೀಕ್ಷಕರು ಫೈಲ್ ಓದುವಾಗ ಮಗು ಪಕ್ಕದಲ್ಲಿ ನಿಂತು ವಿವರಿಸುವುದಿಲ್ಲ.

ಮಕ್ಕಳೇ, ಗುರುತು ಬಿದ್ದ ಕಡೆಗಳನ್ನು ನೀವೇ ತಿದ್ದಿ ಹೊಸ ಪ್ರತಿ ತೆಗೆಯಿರಿ. ಪೆನ್ಸಿಲ್ ಗುರುತುಗಳ ಹಳೆಯ ಪ್ರತಿಯನ್ನು ಎಸೆಯದೆ ಇಟ್ಟುಕೊಳ್ಳಿ. ವೈವಾದ ಹಿಂದಿನ ದಿನ ಅದನ್ನು ಒಮ್ಮೆ ತಿರುವಿ ನೋಡಿ, ಪರೀಕ್ಷಕರ ಪ್ರಶ್ನೆಗಳು ಹೆಚ್ಚಾಗಿ ಆ ಗುರುತುಗಳಿದ್ದ ಜಾಗದಿಂದಲೇ ಬರುತ್ತವೆ.